ಡಿಕ್ಲರೇಶನ್ ಜಾಗದಲ್ಲಿ ಕೂತು ಬಿಟ್ಟಿ ಭಾಗ್ಯದ ಮಾತು

ಮೊನ್ನೆ ಮನೆಯ ತಂಬಿಲಕ್ಕೆ, ಅಂದರೆ ದೈವದ ಪೂಜೆಗೆ, ಊರಿಗೆ ಹೋಗಿದ್ದೆ. ಊಟ ಆಗಿ ಎಲ್ಲರೂ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಸುತ್ತ ಕೂತಾಗ ಮಾತು ಎಲ್ಲೆಲ್ಲೋ ಸುತ್ತಿ ಗೃಹಲಕ್ಷ್ಮಿಗೆ ಬಂತು. ಚಿಕ್ಕಪ್ಪ ಶುರು ಮಾಡಿದರು. "ತಿಂಗಳಿಗೆ 2000 ಬಿಟ್ಟಿ ಕೊಟ್ಟರೆ ಕೆಲಸಕ್ಕೆ ಯಾರು ಬರ್ತಾರೆ? ನಮಗೆ ಯಾರು ಏನು ಕೊಟ್ಟಿದ್ರು? ಬೆವರು ಸುರಿಸಿ ಮೇಲೆ ಬಂದವರು ನಾವು." ಎಲ್ಲರೂ ಹೌದು ಹೌದು ಅಂದರು. ನಾನೂ ಸುಮ್ನೆ ತಲೆ ಆಡಿಸಿದೆ, ಸುಳ್ಳು ಯಾಕೆ ಹೇಳಲಿ.

ರಾತ್ರಿ ಮಲಗಿದಾಗ ನಗು ಬಂತು. ನಾವು ಕೂತಿದ್ದ ಜಗಲಿ, ಎದುರಿನ ಅಂಗಳ, ಅದರಾಚೆಯ ಅಡಿಕೆ ತೋಟ, ಎಲ್ಲವೂ ಡಿಕ್ಲರೇಶನ್ ಜಾಗ!

ದಕ್ಷಿಣ ಕನ್ನಡದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದರು. 1974ರ ಮಾರ್ಚ್ 1ರಿಂದ ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ್ದು. ಅಲ್ಲಿ ಸಾಗುವಳಿ ಮಾಡುತ್ತಿದ್ದ ಒಕ್ಕಲು ಫಾರಂ ನಂಬರ್ 7 ತುಂಬಿ, ಇದು ನಾನು ಉಳುತ್ತಿರುವ ಭೂಮಿ ಅಂತ ಅರ್ಜಿ ಕೊಡಬೇಕು. ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಒಪ್ಪಿದರೆ ಜಾಗ ಅವನ ಹೆಸರಿಗೆ. ಈ ಅರ್ಜಿ ಕೊಡುವುದಕ್ಕೇ ನಮ್ಮ ಕಡೆ 'ಡಿಕ್ಲರೇಶನ್ ಕೊಡುವುದು' ಅಂತ ಹೆಸರು ಬಿತ್ತು. ಮಂಡಳಿಯ ಎದುರು ವಕೀಲರು ನಿಲ್ಲುವ ಹಾಗಿರಲಿಲ್ಲ. ನನಗೆ ಇಡೀ ಕಾಯ್ದೆಯಲ್ಲಿ ತುಂಬಾ ಇಷ್ಟವಾದದ್ದು ಇದೇ. ಮಾತು ಬಲ್ಲ ಧಣಿಗೂ ಹೆಬ್ಬೆಟ್ಟಿನ ಒಕ್ಕಲಿಗೂ ಒಂದೇ ಬೆಂಚು. ಈ ನಿಯಮ ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, ಆದರೆ ಅಷ್ಟರಲ್ಲಿ ನಮ್ಮಂಥವರ ಕೆಲಸ ಆಗಿಹೋಗಿತ್ತು.

ಅದಕ್ಕೆ ಮುಂಚೆ ಹೇಗಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಗೇಣಿ ಅಂದರೆ ದುಡ್ಡಲ್ಲ, ಅಕ್ಕಿ. ಅದನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಕೊಡಬೇಕು. ಒಂದು ಮುಡಿಗೆ ಮೂರು ಕಳಸೆ, 42 ಸೇರು. ಮಳೆ ಕೈಕೊಟ್ಟರೂ ಮುಡಿಯ ಲೆಕ್ಕ ಕಮ್ಮಿ ಆಗುವುದಿಲ್ಲ. ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ, ಕೋಳಿ ಬೇರೆ. ಮೂಲಗೇಣಿಯವರದ್ದು ಪರವಾಗಿಲ್ಲ, ಅವರನ್ನು ಏಳಿಸುವಂತಿರಲಿಲ್ಲ. ನಮ್ಮದು ಚಾಲಗೇಣಿ. ಧಣಿಗೆ ಮನಸ್ಸಾದರೆ ಮುಂದಿನ ವರ್ಷ ಬೇರೆಯವರು. ಹಾಗಾಗಿ ಯಾರೂ ತೆಂಗಿನ ಸಸಿ ನೆಡುತ್ತಿರಲಿಲ್ಲವಂತೆ. ಫಲ ಬರುವ ಹೊತ್ತಿಗೆ ನಾವು ಇರ್ತೇವೋ ಇಲ್ಲವೋ!

ಅಕ್ಕಿ ಅಳೆಯುವುದು ಧಣಿಯ ಮನೆಯ ಕಳಸೆಯಲ್ಲಿ. ಇದು ಸಣ್ಣ ವಿಷಯ ಅಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಮೂಲದಲ್ಲಿ ಇದ್ದದ್ದೂ ಅಳತೆಯೇ. ಭೂಮಾಲೀಕರ ಕೊಳಗ ಸರ್ಕಾರಿ ಮುದ್ರೆಯ ಕೊಳಗಕ್ಕಿಂತ ದೊಡ್ಡದು. ಮುದ್ರೆ ಇರುವ ಕೊಳಗದಲ್ಲೇ ಅಳೆಯಿರಿ ಅಂತ ದೀವರ ಸಮುದಾಯದ ಗೇಣಿದಾರರು ಕೇಳಿದರು, ಅಷ್ಟೇ. ಭೂಮಿ ಕೊಡಿ ಅಂತ ಕೂಡ ಮೊದಲಿಗೆ ಕೇಳಿರಲಿಲ್ಲ. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಜೊತೆಗೆ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಗೋಪಾಲಗೌಡರು ಶಾಸಕರಾದರು. ಒಂದು ಕೊಳಗದ ಜಗಳ ವಿಧಾನಸಭೆಗೆ ಹೋಗಿ ಕಾನೂನಾಗಿ ವಾಪಸ್ ಬರಲು ಇಪ್ಪತ್ತಕ್ಕೂ ಜಾಸ್ತಿ ವರ್ಷ ಹಿಡಿಯಿತು. ನಡುವೆ 1961ರಲ್ಲೊಂದು ಕಾಯ್ದೆ ಆಯಿತು, ಆದರೆ ಅದರಲ್ಲಿ ಮಾಲೀಕನಿಗೆ ನುಸುಳಲು ಬೇಕಾದಷ್ಟು ದಾರಿ ಇತ್ತು.

ಅರಸು ಯಾಕೆ ಮಾಡಿದರು? ದೊಡ್ಡ ಮನಸ್ಸು ಅಂತ ಕೆಲವರು, ಓಟಿನ ಲೆಕ್ಕ ಅಂತ ಕೆಲವರು. ನನ್ನ ಪ್ರಕಾರ ಎರಡೂ ಇತ್ತು, ಅದರಲ್ಲಿ ತಪ್ಪೇನೂ ಇಲ್ಲ. ಅವರದ್ದು ತೀರಾ ಸಣ್ಣ ಸಮುದಾಯ. ಲಿಂಗಾಯತ ಒಕ್ಕಲಿಗ ನಾಯಕರನ್ನು ಎದುರಿಸಿ ನಿಲ್ಲಲು ಉಳಿದವರೆಲ್ಲರನ್ನೂ ಒಟ್ಟು ಹಾಕಬೇಕಿತ್ತು. ಹಿಂದುಳಿದ ವರ್ಗಗಳ ಮೀಸಲಾತಿಗಾಗಿ ಹಾವನೂರು ಆಯೋಗ ಒಂದು ಕಡೆ, ಭೂಮಿ ಇನ್ನೊಂದು ಕಡೆ. ರಾಜ್ಯದಲ್ಲಿ 8 ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದು, ಹೆಚ್ಚು ಕಡಿಮೆ 5 ಲಕ್ಷ ಒಪ್ಪಿಗೆ ಆದವು. ಧಣಿಗಳೆಲ್ಲ ದೊಡ್ಡವರೇ ಆಗಿರಲಿಲ್ಲ ಅನ್ನುವುದೂ ನಿಜ. ನನ್ನ ಗೆಳೆಯನ ಅಜ್ಜಿ ಸಣ್ಣ ವಯಸ್ಸಿಗೇ ವಿಧವೆ ಆದವರು. ಎರಡೇ ಎಕರೆ ಗೇಣಿಗೆ ಕೊಟ್ಟಿದ್ದರು, ಅದೂ ಹೋಯಿತು. ಆ ಮನೆಯಲ್ಲಿ ಅರಸು ಹೆಸರು ಎತ್ತಿದರೆ ಈಗಲೂ ಮಾತು ನಿಲ್ಲುತ್ತದೆ.

ನಮಗೆ ಸಿಕ್ಕಿದ್ದು ನಾಲ್ಕೂವರೆ ಎಕರೆ. ಸರ್ಕಾರಕ್ಕೆ ಒಂದಿಷ್ಟು ಕಟ್ಟಬೇಕಿತ್ತು, ಆದರೆ ಅದು ಮಾರ್ಕೆಟ್ ಬೆಲೆಯ ಹತ್ತಿರಕ್ಕೂ ಬರುವ ಮೊತ್ತ ಅಲ್ಲ. ಜಾಗ ಹೆಸರಿಗೆ ಬಂದ ವರ್ಷವೇ ಅಜ್ಜ ತೆಂಗು ನೆಟ್ಟರು. ಆಮೇಲೆ ಮಳೆ ನೀರನ್ನೇ ನಂಬಿದ್ದ ಬೆಟ್ಟು ಗದ್ದೆ ಅಡಿಕೆ ತೋಟ ಆಯಿತು. ಪಹಣಿಯಲ್ಲಿ ಹೆಸರು ಇದೆ ಅಂತ ಬ್ಯಾಂಕ್ ಸಾಲ ಕೊಟ್ಟಿತು, ಆ ಸಾಲದಲ್ಲಿ ಬಾವಿ, ಪಂಪು. ತೋಟದ ದುಡ್ಡಲ್ಲಿ ಅಪ್ಪ ಕಾಲೇಜಿಗೆ ಹೋದರು, ಚಿಕ್ಕಪ್ಪ ಅಂಗಡಿ ಹಾಕಿದರು, ನಾನು ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಎಸಿ ರೂಮಲ್ಲಿ ಕೂತಿದ್ದೇನೆ. ಬೆವರು ಸುರಿಸಿದ್ದು ಸುಳ್ಳಲ್ಲ. ಆದರೆ ಅಜ್ಜನ ಅಪ್ಪನೂ ಅಷ್ಟೇ ಬೆವರು ಸುರಿಸಿದ್ದರು, ಮುಡಿ ಅಳೆದು ಕೊಟ್ಟು ಖಾಲಿ ಕೈಯಲ್ಲಿ ಮನೆಗೆ ಬರುತ್ತಿದ್ದರು.

ಇನ್ನೊಂದು ಮಾತು. ಘೋಷಣೆ ಇದ್ದದ್ದು 'ಉಳುವವನೇ ಹೊಲದೊಡೆಯ' ಅಂತ. ಕೇಳಲು ಚಂದ. ಆದರೆ ಕಾಯ್ದೆಯಲ್ಲಿ ಸ್ವಂತ ಸಾಗುವಳಿ ಅಂದರೆ ಸ್ವಂತ ಕೈಯಲ್ಲೇ ನೇಗಿಲು ಹಿಡಿಯಬೇಕು ಅಂತಿಲ್ಲ. ಕೂಲಿಯವರಿಂದ ಮಾಡಿಸಿ ಮೇಲೆ ನಿಂತು ನೋಡಿಕೊಂಡರೂ ಆಗುತ್ತದೆ. ಹಾಗೆ ಕೂಲಿಗೆ ಉಳುವವನು ಮಾತ್ರ ಕಾಯ್ದೆಯ ಲೆಕ್ಕದಲ್ಲಿ ಉಳುವವನಲ್ಲ! ಒಕ್ಕಲು ಮತ್ತು ಆಳು, ಇಬ್ಬರ ನಡುವೆ ಗೆರೆ ಬಿದ್ದದ್ದು ಅಲ್ಲಿ. ಮಿತಿಗಿಂತ ಜಾಸ್ತಿ ಇದ್ದ ಭೂಮಿ ತೆಗೆದು ಭೂಮಿ ಇಲ್ಲದವರಿಗೆ ಹಂಚುವ ಭಾಗವೂ ಕಾಯ್ದೆಯಲ್ಲಿ ಇತ್ತು, ಆದರೆ ಅಲ್ಲಿ ಸಿಕ್ಕಿದ್ದು ಅಷ್ಟಕ್ಕಷ್ಟೆ. ಕಾಫಿ, ಟೀ, ರಬ್ಬರ್ ಎಸ್ಟೇಟುಗಳಿಗಂತೂ ಮಿತಿಯೇ ಇಲ್ಲ. ಇನ್ನು 2020ರಲ್ಲಿ 79ಎ, 79ಬಿ ಕಲಂ ತೆಗೆದುಹಾಕಿದ ಮೇಲೆ ಕೃಷಿ ಗೊತ್ತಿಲ್ಲದ ಯಾರು ಬೇಕಾದರೂ, ಎಷ್ಟೇ ಆದಾಯ ಇದ್ದರೂ, ಕೃಷಿ ಭೂಮಿ ಕೊಳ್ಳಬಹುದು. ನನ್ನ ಆಫೀಸಿನಲ್ಲೇ ಇಬ್ಬರು ಕೊಂಡಿದ್ದಾರೆ. ವೀಕೆಂಡಿಗೆ ಹೋಗಿ ಫೋಟೋ ಹಾಕುತ್ತಾರೆ.

ಮರುದಿನ ಅಪ್ಪನ ಟ್ರಂಕಿನಿಂದ ಹಳೆಯ ಕಾಗದ ತೆಗೆಸಿದೆ. ಮಂಡಳಿಯ ಆದೇಶದ ನಕಲು, ಅಂಚೆಲ್ಲ ಗೆದ್ದಲು ತಿಂದದ್ದು. ಅಜ್ಜನ ಹೇಳಿಕೆ, ಕೆಳಗೆ ಹೆಬ್ಬೆಟ್ಟು. ಅದರ ಕೆಳಗೆ ಸಾಕ್ಷಿಯ ಹೇಳಿಕೆ, ನಾಲ್ಕೇ ಸಾಲು. ಈ ಜಮೀನನ್ನು ಅರ್ಜಿದಾರರೇ ಸಾಗುವಳಿ ಮಾಡುತ್ತಾ ಬಂದಿದ್ದಾರೆ, ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ ಅಂತ. ಅಲ್ಲೂ ಒಂದು ಹೆಬ್ಬೆಟ್ಟು.

"ಇದು ಯಾರದ್ದು?" ಅಂತ ಕೇಳಿದೆ.

"ನಮ್ಮ ಮೂಲದಾಳಿನದ್ದು," ಅಂದರು ಅಪ್ಪ, ಅಂದರೆ ತಲೆಮಾರಿನಿಂದ ನಮ್ಮ ಮನೆಗೇ ದುಡಿಯುತ್ತಿದ್ದ ಆಳಿನದ್ದು. "ಅವನಿಲ್ಲದಿದ್ದರೆ ಕೇಸು ನಿಲ್ಲುತ್ತಿರಲಿಲ್ಲ. ನಿನ್ನ ಅಜ್ಜನ ಕೋಣ ಹೂಡುತ್ತಿದ್ದವನೇ ಅವನು."

ಅವನ ಮೊಮ್ಮಗಳು ಆಗ ಅಂಗಳದಲ್ಲಿ ಕೂತು ನಮ್ಮ ಅಡಿಕೆ ಸುಲಿಯುತ್ತಿದ್ದಳು. ಚಿಕ್ಕಪ್ಪನಿಗೆ ಸಿಟ್ಟು ಬರುವ ಆ 2000 ಬರುವುದು ಅವಳ ಖಾತೆಗೆ. ನಾನು ಕಾಗದ ಹಿಡಿದುಕೊಂಡು ಚಿಕ್ಕಪ್ಪನ ಹತ್ತಿರ ಹೋದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ವಾಪಸ್ ಕೊಟ್ಟರು.

"ಅವನಿಗೂ ಐದು ಸೆಂಟ್ಸ್ ಸಿಕ್ಕಿತಲ್ಲ ಮಾರಾಯ, ಮನೆ ಅಡಿಯದ್ದು," ಅಂದರು. ಆಮೇಲೆ ಒಳಗೆ ತಿರುಗಿ ಚಿಕ್ಕಮ್ಮನಿಗೆ ಹೇಳಿದರು, ಅಂಗಳದಲ್ಲಿ ಇರುವವಳಿಗೂ ಒಂದು ಚಾ ಕೊಡು ಅಂತ.