ಗುಡುಗಿಗೆ ಪ್ಲಗ್ ಕಿತ್ತ ಕಂಪ್ಯೂಟರ್ ಮತ್ತೆ ಏಳದಿದ್ದರೆ

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಶುರುವಾಯಿತೆಂದರೆ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮನೆಮನೆಯಲ್ಲೂ ಕಂಪ್ಯೂಟರಿನ ಪ್ಲಗ್ ಕೀಳುತ್ತಾರೆ. ಕೀಳಲೇಬೇಕು. ಆದರೆ ಆ ಮಳೆ ಮುಗಿಯುವಾಗ ರಿಪೇರಿ ಮೇಜಿಗೆ ಸಾಲಾಗಿ ಬರುವ ಡೆಸ್ಕ್‌ಟಾಪ್‌ಗಳದ್ದೆಲ್ಲ ಹೆಚ್ಚುಕಮ್ಮಿ ಒಂದೇ ದೂರು: "ಲಾಗಿನ್ ಆಗ್ತಾ ಇಲ್ಲ, ಫಾರ್ಮ್ಯಾಟ್ ಮಾಡಿ ಕೊಡಿ." ದಯವಿಟ್ಟು ಫಾರ್ಮ್ಯಾಟಿಗೆ ಒಪ್ಪಬೇಡಿ. ಮೊದಲು ನೋಡಬೇಕಾದದ್ದು ಪರದೆಯ ಮೇಲಿನ ತಾರೀಕು.

ಪ್ಲಗ್ ಹಾಕಿ ಸ್ವಿಚ್ ಆನ್ ಇರುವಷ್ಟು ಹೊತ್ತು, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಒಳಗಿನ ಗಡಿಯಾರಕ್ಕೆ ಕರೆಂಟ್ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದಲೇ ಕರೆಂಟ್ ಸಿಗುತ್ತದೆ. ಪ್ಲಗ್ ಕಿತ್ತರೆ ಆ ಭಾರವೆಲ್ಲ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಮೇಲೆ. ಅದು ಸಿಆರ್ 2032, 3 ವೋಲ್ಟಿನದ್ದು. ನಾಲ್ಕೈದು ವರ್ಷ ಹಳೆಯದಾಗಿದ್ದರೆ, ವಾರಗಟ್ಟಲೆ ಪ್ಲಗ್ ಕಿತ್ತಿಟ್ಟಾಗ ಸೋತುಹೋಗುತ್ತದೆ. ಆಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಇಂಟರ್‌ನೆಟ್ಟಿನ ಸುರಕ್ಷತಾ ಪ್ರಮಾಣಪತ್ರಗಳಿಗೆ (ತಾಣ ಅಸಲಿ ಎಂದು ತೋರಿಸುವಂಥವು) ಆರಂಭದ ದಿನವೂ ಕೊನೆಯ ದಿನವೂ ಇರುವುದರಿಂದ, ತಪ್ಪು ತಾರೀಕಿನ ಯಂತ್ರ ಅವನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಮೈಕ್ರೋಸಾಫ್ಟ್ ಖಾತೆ, ಮೇಲ್, ಬ್ಯಾಂಕ್ ಯಾವುದೂ ತೆರೆಯದು.

ಸೆಲ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ಏಳುವಂತಿದ್ದರೆ ಮೊದಲು ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟಗಳಿಗೆ ಹೋಗಿ (ಹೆಚ್ಚಿನವುಗಳಲ್ಲಿ ಆನ್ ಮಾಡುತ್ತಲೇ ಡಿಲೀಟ್ ಅಥವಾ ಎಫ್2 ಒತ್ತಬೇಕು) ಪ್ರತಿ ಪುಟದ ಫೋಟೋ ತೆಗೆದಿಡಿ. ಪ್ಲಗ್ ಕಿತ್ತು ಪವರ್ ಬಟನನ್ನು 30 ಸೆಕೆಂಡ್ ಒತ್ತಿಹಿಡಿಯಿರಿ. ಕ್ಲಿಪ್ಪನ್ನು ಉಗುರಿನಿಂದ ಸರಿಸಿದರೆ ಸೆಲ್ ತಾನಾಗಿ ಮೇಲೇಳುತ್ತದೆ. ಮಲ್ಟಿಮೀಟರಿನಲ್ಲಿ 2.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬಿಸಾಡಿ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ತಾರೀಕು ಸರಿಪಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಸೆಲ್ ಸತ್ತಾಗ ಅನೇಕ ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗುಗಳೂ ಕಂಪೆನಿಯ ಮೂಲರೂಪಕ್ಕೆ ಮರಳಿರುತ್ತವೆ. ವಿಂಡೋಸ್ ಹಾಕುವಾಗ ಸಾಟಾ ಮೋಡ್ (ಡಿಸ್ಕಿನೊಡನೆ ಮಾತಾಡುವ ರೀತಿ) ಎಎಚ್‌ಸಿಐ ಇದ್ದು ಈಗ ರೇಡ್ ಅಥವಾ ಐಡಿಇ ಆಗಿದ್ದರೆ, 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ ಬರುತ್ತದೆ. ಬೂಟ್ ಮೋಡ್ (ವಿಂಡೋಸ್ ಏಳಿಸುವ ರೀತಿ) ಯುಇಎಫ್‌ಐ ಹೋಗಿ ಲೆಗಸಿ ಆಗಿದ್ದರೆ ಬೂಟ್ ಡಿಸ್ಕ್ ಇಲ್ಲವೆಂದೇ ಹೇಳುತ್ತದೆ. ಡಿಸ್ಕ್ ಎರಡರಲ್ಲೂ ಚೆನ್ನಾಗಿಯೇ ಇರುತ್ತದೆ! ತೆಗೆದಿಟ್ಟ ಫೋಟೋ ನೋಡಿ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿ. ಇಂಥ ಹೊತ್ತಿನಲ್ಲೇ ಮಕ್ಕಳ ಫೋಟೋ, ತೋಟದ ಲೆಕ್ಕ ಎಲ್ಲ ಫಾರ್ಮ್ಯಾಟಿನಲ್ಲಿ ಅಳಿಸಿಹೋಗುವುದು. ಸೆಟ್ಟಿಂಗ್ ಬದಲಾದದ್ದಕ್ಕೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳಿದರೆ ಗಾಬರಿ ಬೇಡ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಹುಡುಕಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪರದೆಯ ಮೇಲಿನ ಕೀ ಐಡಿಯ ಮೊದಲ 8 ಅಕ್ಷರ ಹೊಂದುವ ಕೀಲಿಯನ್ನೇ ಆರಿಸಬೇಕು.

ತಾರೀಕು ಸರಿಯಿದ್ದೂ ಪಾಸ್‌ವರ್ಡ್ ತಪ್ಪು ಅಂದರೆ ಕೀಬೋರ್ಡ್ ನೋಡಿ. ನಮ್ಮ ಕಡೆ ಒಂದೇ ಯಂತ್ರದಲ್ಲಿ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಇರುವುದು ಮಾಮೂಲು. ಲಾಗಿನ್ ಪರದೆಯ ಬಲಮೂಲೆಯಲ್ಲಿ ಯಾವ ಭಾಷೆ ಇದೆ ನೋಡಿ, ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ತನ್ನಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತು ಒತ್ತಿದರೆ ಏನು ಟೈಪ್ ಆಗಿದೆಯೆಂದು ಕಾಣುತ್ತದೆ. ಮೊಬೈಲಿನಲ್ಲಿ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರೆ, ಕಂಪ್ಯೂಟರಿಗೆ ನೆಟ್ ಸಿಗುವವರೆಗೆ ಅದು ಗೊತ್ತಾಗದು, ಹಳೆಯದನ್ನೇ ಹಾಕಿ ನೋಡಿ. ಪಿನ್ ಬೇರೆಯೇ. ಅದು ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು ಎಂದಾದರೆ ತೇವದಿಂದ ಮೆಮೊರಿ ಪಟ್ಟಿಯಾದ ರ‍್ಯಾಮ್ ಕಾಲುಗಳು ಮಂಕಾಗಿರಬಹುದು. ಪ್ಲಗ್ ಕಿತ್ತು ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಕೊಡವಿ, ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿ. ಸ್ಯಾಂಡ್‌ಪೇಪರ್ ಮಾತ್ರ ಬೇಡವೇ ಬೇಡ, ಚಿನ್ನದ ಲೇಪವೇ ಎದ್ದುಹೋಗುತ್ತದೆ.

ಇನ್ನು, ಗುಡುಗಿಗೆ ಪ್ಲಗ್ ಕೀಳುವವರು ಮೋಡೆಮಿನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಿ. ತಾಮ್ರದ ಫೋನ್ ಲೈನಿನಲ್ಲಿ ಬಂದ ಸಿಡಿಲಿನ ಹೊಡೆತ ಮೋಡೆಮ್ ದಾಟಿ, ಆ ದಾರಿಯಾಗಿಯೇ ಮದರ್‌ಬೋರ್ಡಿಗೆ ಇಳಿಯುತ್ತದೆ.