ಹೊಲ ಇರುವವರು ನೋಡಲೇಬೇಕಾದ ನೆಬ್ರಾಸ್ಕಾದ ಹುಲ್ಲುಗಾವಲು

ಕಾರಿನಲ್ಲಿ ಅಮೆರಿಕ ಸುತ್ತುವವರು ನೆಬ್ರಾಸ್ಕಾವನ್ನು ಬೇಗ ದಾಟಿಬಿಡುತ್ತಾರೆ. ಊರಲ್ಲಿ ಹೊಲ ಇರುವವರು ದಯವಿಟ್ಟು ಹಾಗೆ ಮಾಡಬೇಡಿ. ಲಿಂಕನ್ ನಗರದಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆ ಹೋದರೆ ಬಿಯಾಟ್ರಿಸ್ ಊರು. ಅದರ ಪಕ್ಕದಲ್ಲೇ ಹೋಮ್‌ಸ್ಟೆಡ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್ ಇದೆ. ಟಿಕೆಟ್ ಇಲ್ಲ. ಕಾರು ಮಾತ್ರ ಬೇಕೇ ಬೇಕು.

1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಬ್ಬರಿಗೆ ಸರ್ಕಾರದಿಂದ 160 ಎಕರೆ ಜಮೀನು ಸಿಗುತ್ತಿತ್ತು. ಮನೆ ಕಟ್ಟಬೇಕು, ಉಳಬೇಕು, 5 ವರ್ಷ ಅಲ್ಲೇ ಇರಬೇಕು. ಖರ್ಚು ಬರೀ ಶುಲ್ಕದ್ದು, ಸುಮಾರು 18 ಡಾಲರ್. ಮದುವೆಯಾಗದ ಹೆಂಗಸರೂ ವಿಧವೆಯರೂ ಅರ್ಜಿ ಹಾಕಬಹುದಿತ್ತು. ಕಾಯ್ದೆ ಜಾರಿಗೆ ಬಂದ 1863ರ ಜನವರಿ 1ರಂದೇ ಅರ್ಜಿ ಹಾಕಿದ ಡೇನಿಯಲ್ ಫ್ರೀಮನ್ ಅವರ ಜಮೀನೇ ಈಗಿನ ಪಾರ್ಕ್.

ಮ್ಯೂಸಿಯಂಗೆ ಆಮೇಲೆ ಹೋಗಿ. ಮೊದಲು ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ನಡೆಯಿರಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆದರೆ ಹುಲ್ಲು ಆಳೆತ್ತರ ಬೆಳೆದಿರುತ್ತದೆ. ಅದರ ಬೇರುಗಳು ನೆಲದೊಳಗೆ ಚಾಪೆಯಂತೆ ಹೆಣೆದುಕೊಂಡಿರುತ್ತವೆ. ಅದನ್ನು ಸೀಳಲು ದೊಡ್ಡ ನೇಗಿಲು, ಹಲವು ಜೋಡಿ ಎತ್ತು ಬೇಕಾಗುತ್ತಿತ್ತು. ಅಷ್ಟು ಎತ್ತು ಎಲ್ಲರ ಹತ್ತಿರ ಎಲ್ಲಿರುತ್ತವೆ? ಕೂಲಿ ಕೊಟ್ಟು ಬೇರೆಯವರಿಂದ ಉಳುಮೆ ಮಾಡಿಸುತ್ತಿದ್ದರು. ಮೊದಲ ವರ್ಷ ಮಗುಚಿದ ಹೆಂಟೆಯನ್ನು ಕೊಡಲಿಯಿಂದ ಸೀಳಿ, ಆ ಸಂದಿಗೆ ಜೋಳದ ಬೀಜ ಹಾಕುತ್ತಿದ್ದರು, ನಾವು ಮೆಕ್ಕೆಜೋಳ ಅಂತೀವಲ್ಲ, ಅದು. ಫಸಲು ಅಷ್ಟಕ್ಕಷ್ಟೇ. ಇದೆಲ್ಲ ನೆಲದ ಮೇಲೆ ನಿಂತು ಯೋಚಿಸಿದರೇ ಅರ್ಥವಾಗುವುದು.

ಇಲ್ಲಿ ಹೊಳೆ ಇದೆ, ದಂಡೆಯಲ್ಲಿ ಮರಗಳಿವೆ. ಹಾಗಾಗಿ ಈ ಭಾಗದಲ್ಲಿ 1867ರಲ್ಲಿ ಕಟ್ಟಿದ, ಈಗ ಪಾರ್ಕಿನಲ್ಲಿರುವ ಪುಟ್ಟ ಮನೆ ಮರದ್ದು. ತಪ್ಪದೆ ಒಳಗೆ ಇಣುಕಿ ನೋಡಿ. ಪಶ್ಚಿಮಕ್ಕೆ ಹೋದವರಿಗೆ ಮರವೇ ಸಿಗಲಿಲ್ಲ. ಬೇರು ಸಮೇತ ಕತ್ತರಿಸಿದ ಹೆಂಟೆಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಮನೆ ಕಟ್ಟಿದರು. ಒಲೆಗೆ ಒಣ ಸಗಣಿ. 1874ರಲ್ಲಿ ಮಿಡತೆ ಹಿಂಡು ಬಂದು ಬೆಳೆ ತಿಂದುಹಾಕಿತು. ತುಂಬ ಜನ 5 ವರ್ಷ ಮುಗಿಸಲಾಗದೆ ಜಮೀನು ಬಿಟ್ಟು ಹೋದರು.

ಆದರೆ ಈ ನೆಲ ಖಾಲಿ ಬಿದ್ದಿರಲಿಲ್ಲ. ಹತ್ತಿರದಲ್ಲೇ ಬದುಕಿದ್ದ ಓಟೋ-ಮಿಸ್ಸೂರಿಯಾ ಎಂಬ ಮೂಲನಿವಾಸಿ ಜನರನ್ನು 1881ರ ಹೊತ್ತಿಗೆ ಈಗಿನ ಒಕ್ಲಹೋಮಾಕ್ಕೆ ಸಾಗಿಸಲಾಯಿತು. ಕಾಯ್ದೆಯ ಅಡಿ ಇಡೀ ದೇಶದಲ್ಲಿ ಹಂಚಿದ್ದು ಒಟ್ಟು ಸುಮಾರು 27 ಕೋಟಿ ಎಕರೆ. ಮ್ಯೂಸಿಯಂನಲ್ಲಿ ಈ ಲೆಕ್ಕ ನೋಡುವಾಗ ಆ ಜನರನ್ನೂ ನೆನೆಯಬೇಕು ಅಲ್ವಾ?

ಅರ್ಧ ದಿನವಾದರೂ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬಿಸಿಲು ಜಾಸ್ತಿ, ನೀರು ಒಯ್ಯಿರಿ. ಹುಲ್ಲಲ್ಲಿ ಉಣ್ಣೆಹುಳು ಇರುತ್ತವೆ, ಉದ್ದ ಪ್ಯಾಂಟ್ ಹಾಕಿ. ಮಕ್ಕಳಿದ್ದರೆ ಸ್ವಲ್ಪ ದೂರದ ಹಳೇ ಫ್ರೀಮನ್ ಶಾಲೆಯನ್ನೂ ತೋರಿಸಿ. ಅದರ ಬಾಗಿಲು ಯಾವಾಗ ತೆರೆದಿರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.