ಹೊಸೂರು ಪೇಟೆ: ಎರಡು ಗೋಡೆಗಳ ನಡುವೆ

ಅತ್ತಿಬೆಲೆ ದಾಟಿ ಜೂಜುವಾಡಿ ಬಂತೆಂದರೆ ಬೋರ್ಡಿನ ಲಿಪಿ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಹೊಸೂರಿನ ಟೀ ಅಂಗಡಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ವಾಕ್ಯದಲ್ಲಿ ಸಿಗುತ್ತವೆ. ಬಸ್ಸಿನ ವಿಷಯ ಮೊದಲೇ ಹೇಳಿಬಿಡಬೇಕು, ಆ ಸಿಟ್ಟು ಇನ್ನೂ ಇಳಿದಿಲ್ಲ. ಬೆಂಗಳೂರಿನಿಂದ ದೂರದೂರಿಗೆ ಹೋಗುವ ಬಸ್ಸು ಹತ್ತುವುದಾದರೆ "ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ, ಫ್ಲೈಓವರ್ ಮೇಲೆ ಹೋಗುತ್ತಾ" ಎಂದು ಕಂಡಕ್ಟರನ್ನು ಎರಡು ಸಲ ಕೇಳಿ. ಒಂದು ಸಲ ಕೇಳಿದರೆ "ಹೋಗುತ್ತೆ" ಅನ್ನುತ್ತಾರೆ. ಬಸ್ಸೇನೋ ಹೋಗುತ್ತದೆ, ಫ್ಲೈಓವರ್ ಮೇಲೆ. ಆಮೇಲೆ ಹೆದ್ದಾರಿಯ ಅಂಚಿನಲ್ಲಿ ಚೀಲ ಹೊತ್ತು ವಾಪಸ್ ನಡೆಯಬೇಕು.

ಮೊದಲ ದಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಕಳೆಯಿತು. ಬರೆಯುವಂಥದ್ದೇನಿಲ್ಲ.

ಎರಡನೇ ದಿನ ಬೆಳಗ್ಗೆ ಚಂದ್ರಚೂಡೇಶ್ವರ ಬೆಟ್ಟ. ಹನ್ನೊಂದರ ಒಳಗೆ ಇಳಿದುಬಿಡಿ, ಆಮೇಲೆ ಬರಿಗಾಲಿಗೆ ಕಲ್ಲು ಕಾದ ಕಾವಲಿ. ಮೇಲಿಂದ ನೋಡಿದರೆ ಊರು ಎರಡು ಭಾಗವಾಗಿ ಕಾಣುತ್ತದೆ. ಹೊರವಲಯದಲ್ಲಿ ಖಾಲಿ ಜಾಗದ ನಡುವೆ ಒಂಟಿಯಾಗಿ ನಿಂತ ಎತ್ತರದ ಅಪಾರ್ಟ್‌ಮೆಂಟುಗಳು. ಕೆಳಗೆ ಹಳೇ ಪೇಟೆಯಲ್ಲಿ ಹಂಚಿನ ಮನೆಗಳ ಮಧ್ಯೆ ಅಲ್ಲಲ್ಲಿ ಎದ್ದ ಮೂರು, ನಾಲ್ಕು ಅಂತಸ್ತಿನ ಕಟ್ಟಡಗಳು. 2019ರಲ್ಲಿ ಮಹಾನಗರ ಪಾಲಿಕೆಯಾದ ಊರು ಇದು, ಬೆಂಗಳೂರಿಗೆ 40 ಕಿಲೋಮೀಟರ್. ಪೇಟೆಯಲ್ಲೂ ಟವರ್ ಎದ್ದಿರಬೇಕಿತ್ತಲ್ಲ ಅನ್ನುವುದು ಸಹಜ ಪ್ರಶ್ನೆ. ಉತ್ತರ ಜನರ ಅಭಿರುಚಿಯಲ್ಲಿಲ್ಲ, ಸೈಟಿನ ಅಗಲದಲ್ಲಿದೆ.

ತಮಿಳುನಾಡಿನ 2019ರ ಕಟ್ಟಡ ನಿಯಮದಲ್ಲಿ 18.30 ಮೀಟರ್ ಒಂದು ಗೆರೆ. 18.30 ಅಂದರೆ ಸರಿಯಾಗಿ 60 ಅಡಿ. ಅಂತಸ್ತಿಗೆ 10 ಅಡಿ ಹಿಡಿದರೆ ಸ್ಟಿಲ್ಟ್ (ಕಾರು ನಿಲ್ಲಿಸಲು ಕಂಬಗಳ ನಡುವೆ ತೆರೆದಿಟ್ಟ ನೆಲದಂತಸ್ತು) ಮತ್ತು ಐದು ಅಂತಸ್ತು. ಆ ಗೆರೆ ದಾಟಿದರೆ ಬಹುಮಹಡಿ ಲೆಕ್ಕ: ನಾಲ್ಕೂ ಕಡೆ 7 ಮೀಟರ್ ಜಾಗ ಬಿಡಬೇಕು, 30 ಮೀಟರ್ ಎತ್ತರವನ್ನೂ ಮೀರಿದರೆ ಇನ್ನೂ ಜಾಸ್ತಿ. ಈಗ ಪೇಟೆಯ 30×60 ಸೈಟು ತಗೊಳ್ಳಿ. ಅಗಲ 9.14 ಮೀಟರ್. ಎರಡು ಬದಿಗೆ ಏಳೇಳು ಬಿಟ್ಟರೆ ಉಳಿಯುವುದು ಮೈನಸ್ ಐದು. ಸಾಲಾಗಿ ನಾಲ್ಕು ಸೈಟು ಸೇರಿಸಿದರೂ ಉದ್ದ 18.3 ಮೀಟರ್ ತಾನೆ? ಹಿಂದೆ ಮುಂದೆ ಏಳೇಳು ಕಳೆದರೆ ರೈಲು ಬೋಗಿಯಂಥ 4.3 ಮೀಟರ್ ಪಟ್ಟಿ. ಹಿಂದಿನ ಬೀದಿಯ ನಾಲ್ಕು ಸೈಟನ್ನೂ ಸೇರಿಸಿಕೊಂಡರೆ ಮಾತ್ರ 22.6 ಮೀಟರ್ ಚೌಕ ಸಿಗುತ್ತದೆ, ಅದು ಒಟ್ಟು ನೆಲದಲ್ಲಿ ನೂರಕ್ಕೆ 38 ಪಾಲು. ಅಂದರೆ ಎಂಟು ಮನೆಯವರು, ಅವರ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು, ಎಲ್ಲರೂ ಒಂದೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಬೇಕು! ಅಷ್ಟಾದ ಮೇಲೂ ಏಳುವುದು ಮುಗಿಲು ಮುಟ್ಟುವ ಟವರಲ್ಲ. ಬಹುಮಹಡಿಗೆ ಸಿಗುವ 3.25 ಎಫ್‌ಎಸ್‌ಐ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಪೂರ್ತಿ ಹಾಕಿದರೂ ಎಂಟೊಂಬತ್ತು ಅಂತಸ್ತಿಗೆ ಲೆಕ್ಕ ಮುಗಿಯುತ್ತದೆ. ಆ 3.25 ಸಿಗಲು 18 ಮೀಟರ್ ರಸ್ತೆ ಬೇಕು. ಪೇಟೆಯ ಗಲ್ಲಿಯಲ್ಲಿ ಎರಡು ಆಟೋ ಎದುರಾದರೆ ಒಂದು ಹಿಂದೆ ಸರಿಯಬೇಕು.

ಕಾರಿನ ಲೆಕ್ಕವೂ ಹೀಗೇ. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪು 8ಕ್ಕೆ 1ರ ಇಳಿಜಾರಿರಬೇಕು. ಮೂರು ಮೀಟರ್ ಇಳಿಯಲು 24 ಮೀಟರ್ ಉದ್ದ. ಸೈಟಿನ ಉದ್ದವೇ 18. ಆದ್ದರಿಂದ ಪೇಟೆಯಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಎಂದು ಯಾರಾದರೂ ನಕ್ಷೆ ತೋರಿಸಿದರೆ ಮೊದಲು ರ‍್ಯಾಂಪನ್ನು ಅಳೆದು ನೋಡಿ. ಹೊರವಲಯದ ಟವರುಗಳು ಇದನ್ನು ಸಲೀಸಾಗಿ ದಾಟುತ್ತವೆ, ಒಪ್ಪಬೇಕು. ಆದರೆ ಅವುಗಳ ಕೆಳಗೆ ನಡೆದರೆ ಇನ್ನೂರು ಹೆಜ್ಜೆಗೂ ಕಾಂಪೌಂಡು, ಗೇಟು, ಸೆಕ್ಯುರಿಟಿ ಕುರ್ಚಿ ಬಿಟ್ಟು ಬೇರೇನಿಲ್ಲ, ಒಂದು ಬಾಳೆಹಣ್ಣು ಕೊಳ್ಳಲೂ ಅಂಗಡಿಯಿಲ್ಲ. ಪೇಟೆಯ ನಾಲ್ಕಂತಸ್ತಿನ ಕಟ್ಟಡದ ಕೆಳಗೆ ಹೂವಿನಂಗಡಿ, ಮೆಡಿಕಲ್ಸು, ಟೈಲರು. ಹೊಸೂರಿನ ಗುಲಾಬಿ ಅಲ್ಲಿ ಹೇಗೂ ಇದ್ದೇ ಇರುತ್ತದೆ.

ನಿಜವಾಗಿ ಕಾಲು ಕಟ್ಟಿ ನಿಲ್ಲಿಸಿದ್ದು ಒಂದು ಓಣಿಯ ಗುಂಡಿ. ಹಳೇ ಹಂಚಿನ ಮನೆ ಕೆಡವಿ ಪಾಯ ತೋಡುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮೂರು ಅಂತಸ್ತು. 1,800 ಚದರಡಿ ಸೈಟಿಗೆ ಎಫ್‌ಎಸ್‌ಐ 2ರಂತೆ 3,600, ಅಂತಸ್ತಿಗೆ 900. ಎರಡೂ ಕಡೆ ಪಕ್ಕದ ಮನೆಯ ಗೋಡೆ ಬೆತ್ತಲೆ ನಿಂತಿತ್ತು, ಹಳೇ ಗೂಡಿನಲ್ಲಿ ದೀಪದ ಮಸಿ ಹಾಗೇ ಇತ್ತು. ಮೇಸ್ತ್ರಿ ಮಾತಿಗೆ ಸಿಕ್ಕರು, ಅರ್ಧ ದಿನ ಅಲ್ಲೇ ಹೋಯಿತು.

"ಪಕ್ಕದ ಮನೆ ಪಾಯ ಮೂರಡಿ, ಕಲ್ಲು ಮಣ್ಣಿಂದು. ನಮ್ದು ಆರಡಿ ಇಳೀಬೇಕು. ಒಂದೇ ಸಲ ಉದ್ದಕ್ಕೂ ತೋಡಿದ್ರೆ ಅವರ ಗೋಡೆ ನಮ್ ಗುಂಡಿಗೇ ಬಂದು ಕೂತ್ಕೊಳ್ತದೆ." ಅದಕ್ಕೆ ಅವರ ಕ್ರಮ: ನಾಲ್ಕಡಿ ತೋಡು, ಎಂಟಡಿ ಬಿಡು. ತೋಡಿದ ತುಂಡಿನಲ್ಲಿ ಪಕ್ಕದ ಪಾಯದ ಕೆಳಗೆ ಕಾಂಕ್ರೀಟ್ ತುಂಬಿ, ಅದು ಗಟ್ಟಿಯಾದ ಮೇಲೆ ಮುಂದಿನ ತುಂಡು. ಜೆಸಿಬಿಯಲ್ಲಿ ಒಂದು ಬೆಳಗಿನ ಕೆಲಸಕ್ಕೆ ಹೀಗೆ ಹತ್ತು ದಿನ ಹಿಡಿಯುತ್ತದೆ. ಮಾಲೀಕರು ಮುಖ ಗಂಟಿಕ್ಕುವುದೂ ಇಲ್ಲೇ.

ಇನ್ನೊಂದು ತೊಡಕು ಗಡಿಯಂಚಿನ ಪಿಲ್ಲರು. ಅದರ ಪಾದವನ್ನು ಪಕ್ಕದವರ ಜಾಗಕ್ಕೆ ಚಾಚುವಂತಿಲ್ಲ. ಭಾರ ಪಾದದ ಅಂಚಿಗೆ ಬೀಳುತ್ತದೆ, ಪಾದ ವಾಲುತ್ತದೆ. ಹಾಗಾಗಿ ಒಳಗಿನ ಪಿಲ್ಲರಿನ ಪಾದಕ್ಕೆ ನೆಲದೊಳಗೇ ಒಂದು ದಪ್ಪ ಬೀಮ್ ಕಟ್ಟುತ್ತಾರೆ. ಸ್ಟ್ರಾಪ್ ಬೀಮ್ ಎಂದರೆ ಇದೇ. ಖರ್ಚು ಉಳಿಸಲು ಇದನ್ನು ಬಿಟ್ಟ ಕಟ್ಟಡದಲ್ಲಿ ಗಡಿಯ ಸಾಲು ಕುಸಿದು ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆ ಬಿರುಕು ಏಳುತ್ತದೆ.

ಮೋಲ್ಡ್ ಹಾಕುವ ದಿನ ಇನ್ನೊಂದು ಪಾಡು. ಕಾಂಕ್ರೀಟ್ ಲಾರಿ ಓಣಿಗೆ ತಿರುಗುವುದಿಲ್ಲ. ಅಲ್ಲೇ ಮಿಕ್ಸರ್ ಇಟ್ಟು ಕಲಸಬೇಕು. 900 ಚದರಡಿಗೆ ಐದಿಂಚು ಮೋಲ್ಡ್ ಅಂದರೆ ಬೀಮ್ ಬಿಟ್ಟು ಹತ್ತೂವರೆ ಘನ ಮೀಟರ್. ಎಂ20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟ್, ಮರಳು, ಜಲ್ಲಿ ಒಂದು, ಒಂದೂವರೆ, ಮೂರರ ಮಿಶ್ರಣದಲ್ಲಿ ಘನ ಮೀಟರಿಗೆ ಎಂಟು ಚೀಲ ಸಿಮೆಂಟ್, ಒಟ್ಟು 84 ಚೀಲ. ಚೀಲಕ್ಕೊಂದು ಸಲ ಮಿಕ್ಸರ್ ತಿರುಗಬೇಕು, ಸಲಕ್ಕೆ ಐದು ನಿಮಿಷ, ಒಟ್ಟು ಏಳು ತಾಸು. ನಡುವೆ ಮಳೆಯೋ ಕರೆಂಟೋ ಕೈಕೊಟ್ಟು ನಿಲ್ಲಿಸಬೇಕಾದರೆ ಬೀಮಿನ ಹತ್ತಿರ ನಿಲ್ಲಿಸಬಾರದು, ಹರವಿನ ನಡುಭಾಗದಲ್ಲಿ ನೇರ ಪಟ್ಟಿ ಕೊಟ್ಟು ನಿಲ್ಲಿಸಬೇಕು.

ಇಂಥ ಕಟ್ಟಡಗಳನ್ನು ಸುಮ್ಮನೆ ಹೊಗಳಲಾಗದು. ನಡುಮನೆ ಕತ್ತಲು. ಹನ್ನೆರಡು ಮೀಟರ್ ಎತ್ತರಕ್ಕೆ ಬಚ್ಚಲಿನ ಗಾಳಿಕಿಂಡಿಯ ಕೊಳವೆ ಕನಿಷ್ಠ 2.8 ಚದರ ಮೀಟರ್ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಪೇಟೆಯಲ್ಲಿ ಬಹಳ ಕಡೆ ಅದು ಪೈಪು ಇಳಿಯುವ ಸಂದಿ. ಲಿಫ್ಟು ಆರು ಜನರದು, 408 ಕಿಲೋ, ಸ್ಟ್ರೆಚರ್ ಹಿಡಿಯುವುದಿಲ್ಲ. ಹಾಗಾಗಿ ಮೆಟ್ಟಿಲಿನ ತಿರುವಿನಲ್ಲಾದರೂ ಜಾಗ ಕದಿಯಬಾರದು.

ಮಧ್ಯಾಹ್ನ ಊಟ ಮುಗಿಸಿ ಮೇಸ್ತ್ರಿ ಎದುರಿನ ಕಟ್ಟಡದ ಮಹಡಿಗೆ ಕರೆದೊಯ್ದರು. ಹಿಂದೆ ಅವರೇ ಕಟ್ಟಿದ್ದು. ಪಕ್ಕದ್ದಕ್ಕೂ ಇದಕ್ಕೂ ನಡುವೆ ಎರಡಿಂಚು ಸಂದು. ಅದರೊಳಗೆ ಕೈ ಹೋಗುವುದಿಲ್ಲ, ಹೊರಗಿಂದ ಸಾರಣೆ ಸಾಧ್ಯವಿಲ್ಲ. ಆದ್ದರಿಂದ ಆ ಗೋಡೆಯ ಒಂದೊಂದು ಇಟ್ಟಿಗೆ ವರಸೆ ಇಡುವಾಗಲೂ ಒಳಗಿಂದಲೇ ಕೈ ಚಾಚಿ ಹೊರಗಿನ ಸಂದಿಗೆ ಗಾರೆ ತುಂಬಿ ಉಜ್ಜಿದ್ದಾರೆ. ಮೇಲೆ ತಗಡಿನ ಹೊದಿಕೆ. ಎತ್ತರದ ಗೋಡೆಯಲ್ಲಿ ಒಂದಿಂಚು ಸೀಳು ಕೊರೆದು ತಗಡಿನ ಒಂದಂಚನ್ನು ಸಿಕ್ಕಿಸಿ, ಇನ್ನೊಂದಂಚನ್ನು ತಗ್ಗಿನ ಕಟ್ಟಡದ ಪ್ಯಾರಾಪೆಟ್ ಮೇಲೆ ಸುಮ್ಮನೆ ಬಾಗಿಸಿ ಬಿಟ್ಟಿದ್ದರು.

"ಅದನ್ನ ಯಾಕೆ ಬಿಗಿದಿಲ್ಲ?"

"ಎರಡು ಬಿಲ್ಡಿಂಗೂ ಬೇರೆ ಬೇರೆ ಕೂತ್ಕೊಳ್ತವೆ ಅಣ್ಣಾ. ಎರಡೂ ಕಡೆ ಬಿಗಿದ್ರೆ ಹರೀತದೆ."

ಎರಡು ಮನೆ ಆಚೆ ಬೆರಳು ತೋರಿಸಿದರು. ಅಲ್ಲಿ ಅದೇ ಸಂದಿಗೆ ಸಿಮೆಂಟ್ ಮೆತ್ತಿದ್ದರು. ಉದ್ದಕ್ಕೂ ಕೂದಲೆಳೆಯ ಬಿರುಕು ಬಿಟ್ಟಿತ್ತು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಅದರಲ್ಲೇ ಇಳಿದು ಮೂರೂ ಅಂತಸ್ತಿನ ಮೆಟ್ಟಿಲ ಗೋಡೆಯ ಮೇಲೆ ಹಸಿರುಗಪ್ಪು ಪಟ್ಟೆ ಎಳೆದಿತ್ತು. ಮಾಲೀಕರು ಅದರ ಮೇಲೆ ಹೊಸದಾಗಿ ಬಣ್ಣ ಬಳಿಸುತ್ತಿದ್ದರು.